ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕೂರುವುದು ಹೇಗೆ? ಸೀಟು, ಬೆಲ್ಟ್, ಅಂತರ ಮತ್ತು ಮಕ್ಕಳ ಸುರಕ್ಷತೆಯ ಸಮಗ್ರ ಮಾರ್ಗದರ್ಶಿ

2024ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್ ಬಳಿ ಕಾರೊಂದು ಟ್ಯಾಂಕರ್ ಲಾರಿಗೆ ಡಿಕ್ಕಿ ಹೊಡೆದಾಗ, ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗ್ ತೆರೆದುಕೊಂಡು ಮೃತಪಟ್ಟಿತು. ಕಾರಿನಲ್ಲಿದ್ದ ಉಳಿದವರು ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಬಾಲಕನೊಬ್ಬ ಹೀಗೆಯೇ ಪ್ರಾಣ ಕಳೆದುಕೊಂಡ. ಎರಡೂ ಕಾರುಗಳಲ್ಲಿ ಏರ್‌ಬ್ಯಾಗ್ ಕೆಟ್ಟಿರಲಿಲ್ಲ; ತೆರೆದುಕೊಳ್ಳಬೇಕಾದಾಗಲೇ ತೆರೆದುಕೊಂಡಿತ್ತು. ಆದರೆ ಅದರ ಎದುರಿಗೆ ಇರಬಾರದವರು ಇದ್ದರು.

ನಮ್ಮಲ್ಲಿ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2021ರಲ್ಲಿ ಮೊದಲು ಹೊಸ ಮಾದರಿಗಳಿಗೆ, ಬಳಿಕ ಹಳೆಯ ಮಾದರಿಗಳಿಗೂ ಮುಂದಿನ ಸಹಪ್ರಯಾಣಿಕರ ಏರ್‌ಬ್ಯಾಗ್ ಕಡ್ಡಾಯವಾಯಿತು. ಈಗ ಆರು ಏರ್‌ಬ್ಯಾಗ್ ಇದೆಯೇ ಎಂದು ಕೇಳಿಯೇ ಕಾರು ಕೊಳ್ಳುವವರು ಬಹಳ ಮಂದಿ ಇದ್ದಾರೆ. ಆದರೆ ಅದರ ಮುಂದೆ ಹೇಗೆ ಕೂರಬೇಕು ಎಂಬುದನ್ನು ಷೋರೂಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಈ ಮಾರ್ಗದರ್ಶಿಯು ಆ ಒಂದೇ ವಿಷಯಕ್ಕೆ ಮೀಸಲು. ಇಲ್ಲಿ ಚಾಲಕರಿಗಿಂತ ಪ್ರಯಾಣಿಕರ ಮೇಲೆ ಹೆಚ್ಚು ಗಮನ ಹರಿಸಲಾಗಿದೆ, ಏಕೆಂದರೆ ಚಾಲಕನ ಕೈಕಾಲುಗಳಿಗೆ ಸ್ಟಿಯರಿಂಗ್ ಮತ್ತು ಪೆಡಲ್‌ಗಳು ಒಂದು ಶಿಸ್ತನ್ನು ತಾವೇ ವಿಧಿಸುತ್ತವೆ; ಪಕ್ಕದವರಿಗೆ ಮತ್ತು ಹಿಂದಿನವರಿಗೆ ಅಂಥ ಯಾವ ಕಟ್ಟುಪಾಡೂ ಇರುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಏರ್‌ಬ್ಯಾಗ್ ಹೇಗೆ ಕೆಲಸ ಮಾಡುತ್ತದೆ

ಕಾರು ಮುಂಭಾಗದಿಂದ ಗಟ್ಟಿಯಾದ ತಡೆಗೆ ಗಂಟೆಗೆ ಅಂದಾಜು 20 ಕಿ.ಮೀ. ಆಸುಪಾಸಿನ ವೇಗದಲ್ಲಿ ಅಥವಾ ಅದಕ್ಕೂ ಜೋರಾಗಿ ಗುದ್ದಿದಾಗ, ಸೆನ್ಸರ್‌ಗಳು ಆ ಹಠಾತ್ ನಿಲುಗಡೆಯನ್ನು ಗುರುತಿಸಿ ನಿಯಂತ್ರಣ ಘಟಕಕ್ಕೆ ತಿಳಿಸುತ್ತವೆ. ಅದು ಇನ್‌ಫ್ಲೇಟರ್‌ಗೆ ಕಿಡಿ ಕೊಡುತ್ತದೆ, ಒಳಗಿನ ರಾಸಾಯನಿಕ ಉರಿದು ಅನಿಲವಾಗುತ್ತದೆ, ಮಡಚಿಟ್ಟ ನೈಲಾನ್ ಚೀಲ ಮುಚ್ಚಳವನ್ನು ಸೀಳಿಕೊಂಡು ಹೊರಬರುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು 30ರಿಂದ 50 ಮಿಲಿಸೆಕೆಂಡುಗಳಲ್ಲಿ, ಅಂದರೆ ಕಣ್ಣು ಒಮ್ಮೆ ಮಿಟುಕಿಸುವುದಕ್ಕೆ ಬೇಕಾದ ಕಾಲದ ಅರ್ಧಕ್ಕಿಂತ ಕಡಿಮೆ ಅವಧಿಯಲ್ಲಿ. ಚೀಲದ ಮುಂಭಾಗ ಗಂಟೆಗೆ 300 ಕಿ.ಮೀ.ವರೆಗಿನ ವೇಗದಲ್ಲಿ ಮುನ್ನುಗ್ಗಬಲ್ಲದು. ಬಾಗಿಲ ಕಡೆಯ ಏರ್‌ಬ್ಯಾಗ್‌ಗಳು ಇನ್ನೂ ಬೇಗ, 10ರಿಂದ 20 ಮಿಲಿಸೆಕೆಂಡುಗಳಲ್ಲಿ ತೆರೆದುಕೊಳ್ಳಬೇಕಾಗುತ್ತದೆ, ಏಕೆಂದರೆ ಅಲ್ಲಿ ದೇಹಕ್ಕೂ ಬಾಗಿಲಿಗೂ ನಡುವೆ ಇರುವ ಜಾಗವೇ ಕಡಿಮೆ.

ತುಂಬಿದ ಚೀಲ ತುಂಬಿದಂತೆಯೇ ಉಳಿಯುವುದಿಲ್ಲ. ದೇಹ ಅದಕ್ಕೆ ಒರಗುವ ಹೊತ್ತಿಗೆ ಹಿಂಬದಿಯ ರಂಧ್ರಗಳಿಂದ ಅನಿಲ ಹೊರಹೋಗುತ್ತ, ಚೀಲ ಕುಸಿಯುತ್ತ, ತಲೆ ಮತ್ತು ಎದೆಯ ವೇಗವನ್ನು ನಿಧಾನವಾಗಿ ಹೀರಿಕೊಳ್ಳಬೇಕು. ದೇಹ ಈ ಹಂತದಲ್ಲಿ ತಲುಪಿದರೆ ಅದು ರಕ್ಷಣೆ. ಚೀಲ ಇನ್ನೂ ಹೊರನುಗ್ಗುತ್ತಿರುವಾಗಲೇ ದೇಹ ಅಲ್ಲಿದ್ದರೆ ಅದು ಹೊಡೆತ. ಮುಚ್ಚಳದಿಂದ ಹೊರಬಂದ ಮೊದಲ 5ರಿಂದ 8 ಸೆಂ.ಮೀ. ಒಳಗೆ ಈ ಹೊಡೆತ ಅತಿ ಜೋರಾಗಿರುತ್ತದೆ.

ಬೆಲ್ಟ್ ಹಾಕದ ಪ್ರಯಾಣಿಕ ಅಪಘಾತದ ಕ್ಷಣಕ್ಕೆ ಎಲ್ಲಿರುತ್ತಾನೆ ಎಂಬುದನ್ನು ಇಲ್ಲಿ ಯೋಚಿಸಬೇಕು. ಡಿಕ್ಕಿಗೆ ಮುನ್ನ ಚಾಲಕ ಅನೇಕ ಸಲ ಜೋರಾಗಿ ಬ್ರೇಕ್ ಒತ್ತಿರುತ್ತಾನೆ. ಆ ಬ್ರೇಕಿಗೇ ಬೆಲ್ಟ್ ಇಲ್ಲದ ದೇಹ ಸೀಟಿನಿಂದ ಮುಂದೆ ಜಾರಿ ಡ್ಯಾಶ್‌ಬೋರ್ಡಿನ ಹತ್ತಿರ ಹೋಗಿರುತ್ತದೆ. ಏರ್‌ಬ್ಯಾಗ್ ಸಿಡಿಯುವುದು ಅದಾದ ಮೇಲೆ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಮುಂಭಾಗದ ಏರ್‌ಬ್ಯಾಗ್ ಕಾರಣದಿಂದಲೇ 290ಕ್ಕೂ ಹೆಚ್ಚು ಸಾವುಗಳಾದವು. ಮೃತ ಪ್ರಯಾಣಿಕರಲ್ಲಿ ಬಹುಪಾಲು ಮಕ್ಕಳು. ಅವರಲ್ಲಿ ಹೆಚ್ಚಿನವರು ಬೆಲ್ಟ್ ಇಲ್ಲದೆ ಅಥವಾ ಹಿಮ್ಮುಖ ಮಕ್ಕಳ ಸೀಟಿನಲ್ಲಿ (ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರುವಂತೆ ಕೂರಿಸುವ ಸೀಟು) ಕುಳಿತು ಏರ್‌ಬ್ಯಾಗಿಗೆ ತೀರ ಹತ್ತಿರದಲ್ಲಿದ್ದವರು. ಆ ಸಾವುಗಳಲ್ಲಿ ಸುಮಾರು ಶೇ. 90ರಷ್ಟು ಸಂಭವಿಸಿದ್ದು 1998ಕ್ಕಿಂತ ಮೊದಲು ತಯಾರಾದ ವಾಹನಗಳಲ್ಲಿ. ನಂತರದ ಏರ್‌ಬ್ಯಾಗ್‌ಗಳು ಕಡಿಮೆ ಬಲದಿಂದ ತೆರೆದುಕೊಳ್ಳುವಂತೆ ಸುಧಾರಿಸಿದವು, ನಿಜ. ಆದರೂ ಹತ್ತಿರ ಕುಳಿತವರಿಗೆ ಅಪಾಯ ತಪ್ಪಿಲ್ಲ ಎಂಬುದಕ್ಕೆ ಮೇಲಿನ ಎರಡು ಘಟನೆಗಳೇ ಸಾಕ್ಷಿ.

ಹಾಗಾಗಿ ಏರ್‌ಬ್ಯಾಗ್ ತಯಾರಿಸಿದವರು ಎರಡು ಸಂಗತಿಗಳನ್ನು ಮೊದಲೇ ಊಹಿಸಿಕೊಂಡಿರುತ್ತಾರೆ: ಎದುರಿಗಿರುವವರು ಬೆಲ್ಟ್ ಹಾಕಿದ್ದಾರೆ, ಮತ್ತು ಸಾಕಷ್ಟು ದೂರದಲ್ಲಿ ನೆಟ್ಟಗೆ ಕುಳಿತಿದ್ದಾರೆ. ಅದರ ಮೇಲೆ ಎಸ್‌ಆರ್‌ಎಸ್ (ಸಪ್ಲಿಮೆಂಟಲ್ ರಿಸ್ಟ್ರೇಂಟ್ ಸಿಸ್ಟಮ್) ಎಂದು ಬರೆದಿರುವುದಕ್ಕೂ ಇದೇ ಕಾರಣ. ಅದು ಬೆಲ್ಟಿಗೆ ಪೂರಕವಾದ ವ್ಯವಸ್ಥೆಯೇ ಹೊರತು ಬೆಲ್ಟಿನ ಬದಲಿಗೆ ಇರುವುದಲ್ಲ. ಮುಂದಿನ ಎಲ್ಲ ಹಂತಗಳೂ ಈ ಎರಡು ಊಹೆಗಳನ್ನು ನಿಜ ಮಾಡುವುದಕ್ಕಾಗಿ.

ಹಂತ 1: ಏರ್‌ಬ್ಯಾಗ್ ಎಲ್ಲೆಲ್ಲಿದೆ ಎಂದು ಹುಡುಕಿ

ಕಾರು ನಿಂತಿರುವಾಗ ಒಳಗೆಲ್ಲ ಕಣ್ಣಾಡಿಸಿ. ಸ್ಟಿಯರಿಂಗ್ ನಡುವೆ, ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ, ಮುಂದಿನ ಸೀಟುಗಳ ಬಾಗಿಲ ಕಡೆಯ ಹೊಲಿಗೆಯ ಬಳಿ, ಕಿಟಕಿಯ ಮೇಲಿನ ಪಟ್ಟಿಯಲ್ಲಿ ಅಥವಾ ಬಾಗಿಲುಗಳ ನಡುವಿನ ಕಂಬದ ಮೇಲ್ತುದಿಯಲ್ಲಿ ಏರ್‌ಬ್ಯಾಗ್ ಎಂಬ ಸಣ್ಣ ಅಕ್ಷರಗಳು ಇರುತ್ತವೆ. ಅನೇಕ ಕಾರುಗಳಲ್ಲಿ ಪ್ರಯಾಣಿಕರ ಏರ್‌ಬ್ಯಾಗ್ ಇರುವುದು ಡ್ಯಾಶ್‌ಬೋರ್ಡಿನ ಮೇಲ್ಮೈಯಲ್ಲಿ. ಅದು ಮೊದಲು ಮುಂಗಾಜಿನ ಕಡೆಗೆ ಮೇಲೇಳುತ್ತ ಆಮೇಲೆ ಪ್ರಯಾಣಿಕರ ಕಡೆಗೆ ಬರುತ್ತದೆ. ಚಾಲಕನ ಏರ್‌ಬ್ಯಾಗಿಗಿಂತ ಇದು ಗಾತ್ರದಲ್ಲಿ ದೊಡ್ಡದು, ಏಕೆಂದರೆ ತುಂಬಬೇಕಾದ ಜಾಗ ದೊಡ್ಡದು.

ನಂತರ ಕೀ ತಿರುಗಿಸಿ ಮೀಟರಿನ ಕಡೆ ನೋಡಿ. ಕುಳಿತ ಮನುಷ್ಯನ ಮುಂದೆ ಗುಂಡಗಿನ ಚೀಲ ಇರುವ ಕೆಂಪು ದೀಪ ಕೆಲವು ಸೆಕೆಂಡು ಹೊತ್ತಿ ಆರಿಹೋಗಬೇಕು. ಆರದೆ ಉಳಿದರೆ ವ್ಯವಸ್ಥೆಯಲ್ಲಿ ದೋಷವಿದೆ, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದಿರಬಹುದು. ಒಮ್ಮೆಯೂ ಹೊತ್ತದಿದ್ದರೆ ಅದು ಇನ್ನೂ ಅನುಮಾನದ ವಿಷಯ.

ಹಂತ 2: ಅಂತರ ಅಳೆಯಿರಿ

ಚಾಲಕನ ಎದೆಯ ನಡುವಿನ ಎಲುಬಿಗೂ ಸ್ಟಿಯರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಇರಬೇಕು ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಸಲಹೆ. ಮಕ್ಕಳ ಕಂಪಾಸ್ ಬಾಕ್ಸಿನಲ್ಲಿರುವ ಹದಿನೈದು ಸೆಂ.ಮೀ. ಸ್ಕೇಲು ಇದಕ್ಕೆ ಸಾಲದು, ಮೂವತ್ತು ಸೆಂ.ಮೀ. ಸ್ಕೇಲನ್ನು ಎದೆಗೆ ಒಂದು ತುದಿ ತಾಗಿಸಿ ಹಿಡಿದರೆ ಲೆಕ್ಕ ತಕ್ಷಣ ಗೊತ್ತಾಗುತ್ತದೆ. ಪಕ್ಕದ ಪ್ರಯಾಣಿಕರಿಗೆ ಪೆಡಲ್ ಮುಟ್ಟುವ ಅನಿವಾರ್ಯತೆ ಇಲ್ಲ, ಆದ್ದರಿಂದ 25 ಸೆಂ.ಮೀ.ಗೆ ತೃಪ್ತರಾಗದೆ ಸೀಟನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಬೇಕು. ಹಿಂದೆ ಕುಳಿತವರ ಮೊಣಕಾಲಿಗೆ ಜಾಗ ಬೇಕೆಂದು ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿನವರೆಗೆ ತಳ್ಳುವುದು ನಮ್ಮ ಕುಟುಂಬ ಪ್ರಯಾಣಗಳಲ್ಲಿ ಸಾಮಾನ್ಯ. ಅಂಥ ಸಂದರ್ಭದಲ್ಲಿ ಗಿಡ್ಡನೆಯ ವ್ಯಕ್ತಿಯನ್ನು ಹಿಂದಕ್ಕೂ ಎತ್ತರದ ವ್ಯಕ್ತಿಯನ್ನು ಮುಂದಕ್ಕೂ ಕೂರಿಸಿದರೆ ಎರಡೂ ಕಡೆಯ ಸಮಸ್ಯೆ ಬಗೆಹರಿಯುತ್ತದೆ.

ಅಂತರ ಎಂಬುದು ಹೊರಡುವಾಗ ಒಮ್ಮೆ ಇಟ್ಟುಕೊಂಡರೆ ಮುಗಿಯುವ ಸಂಗತಿಯಲ್ಲ. ಬಿದ್ದ ಮೊಬೈಲ್ ಹುಡುಕಲು ಬಗ್ಗುವುದು, ಗ್ಲೋವ್ ಬಾಕ್ಸಿನಲ್ಲಿ ಟೋಲ್ ರಸೀದಿ ತಡಕಾಡುವುದು, ಮ್ಯಾಪ್ ತೋರಿಸಲು ಮುಂದೆ ಬಾಗುವುದು, ಹಿಂದಿನವರ ಜೊತೆ ಮಾತನಾಡಲು ಪೂರ್ತಿ ತಿರುಗಿ ಕೂರುವುದು, ಇವೆಲ್ಲ ಆ ಹೊತ್ತಿನ ಮಟ್ಟಿಗೆ ತಲೆಯನ್ನು ಏರ್‌ಬ್ಯಾಗಿನ ಬಾಯಿಗೆ ಕೊಂಡೊಯ್ಯುತ್ತವೆ. ಬಿದ್ದದ್ದು ಬಿದ್ದಿರಲಿ, ಗಾಡಿ ನಿಂತ ಮೇಲೆ ಎತ್ತಿಕೊಂಡರಾಯಿತು.

ಹಂತ 3: ಬೆನ್ನು, ಸೊಂಟ, ತಲೆ

ಸೊಂಟವನ್ನು ಸೀಟಿನ ಮೂಲೆಗೆ ಪೂರ್ತಿ ತಾಗಿಸಿ ಕುಳಿತುಕೊಳ್ಳಿ. ನಂತರ ಬೆನ್ನಿನಾಸರೆಯನ್ನು ನೇರವಾಗಿ, ಸ್ವಲ್ಪವೇ ಹಿಂದಕ್ಕೆ ವಾಲಿರುವಂತೆ ಹೊಂದಿಸಿ. ಎಷ್ಟು ವಾಲಿದರೆ ಹೆಚ್ಚು ಎಂಬುದಕ್ಕೆ ಬೆಲ್ಟೇ ಅಳತೆಗೋಲು: ಬೆಲ್ಟ್ ಭುಜದಿಂದ ಎದೆಯ ಮೇಲೆ ಒತ್ತಿಕೊಂಡು ಇಳಿಯಬೇಕು. ಬೆಲ್ಟಿಗೂ ಎದೆಗೂ ನಡುವೆ ಕೈ ಆರಾಮಾಗಿ ತೂರುವಷ್ಟು ಬಿಡುವು ಕಂಡರೆ ಸೀಟು ವಿಪರೀತ ವಾಲಿದೆ ಎಂದೇ ಅರ್ಥ.

ರಾತ್ರಿ ಬೆಂಗಳೂರು ಬಿಟ್ಟು ಬೆಳಗಿನ ಜಾವಕ್ಕೆ ಮಂಗಳೂರು ಅಥವಾ ಹುಬ್ಬಳ್ಳಿ ತಲುಪುವ ಪ್ರಯಾಣಗಳಲ್ಲಿ ಪಕ್ಕದ ಸೀಟಿನವರು ಬೆನ್ನಿನಾಸರೆಯನ್ನು ಹಾಸಿಗೆಯಂತೆ ಚಾಚಿ ಮಲಗುತ್ತಾರೆ, ಬೆಲ್ಟ್ ಹಾಕಿದ್ದೇವಲ್ಲ ಎಂಬ ನೆಮ್ಮದಿಯಲ್ಲಿ. ಹೀಗೆ ಮಲಗಿದವರ ದೇಹ ಡಿಕ್ಕಿಯ ಕ್ಷಣದಲ್ಲಿ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಸೊಂಟದ ಎಲುಬನ್ನು ಹಿಡಿಯಬೇಕಾದ ಕೆಳಪಟ್ಟಿ ಮೇಲೆ ಸರಿದು ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಇಳಿದು ಕರುಳು, ಯಕೃತ್ತು, ಗುಲ್ಮಕ್ಕೆ ಪೆಟ್ಟು ಕೊಡುತ್ತದೆ, ಬೆನ್ನುಮೂಳೆಯೂ ಮುರಿಯಬಹುದು. ಮೇಲಿನ ಪಟ್ಟಿ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಮುಖ ಮತ್ತು ಎದೆಯನ್ನು ಲೆಕ್ಕಹಾಕಿ ತೆರೆದುಕೊಂಡ ಏರ್‌ಬ್ಯಾಗಿಗೆ ಅವು ಲೆಕ್ಕದ ಜಾಗದಲ್ಲಿ ಸಿಗುವುದೇ ಇಲ್ಲ. ನಿದ್ದೆ ಬಂದರೆ ನೆಟ್ಟಗೆ ಕುಳಿತೇ ನಿದ್ರಿಸಬೇಕು. ಕುತ್ತಿಗೆಗೆ ಸುತ್ತುವ ಪ್ರಯಾಣದ ದಿಂಬು ಇದ್ದರೆ ಸ್ವಲ್ಪ ಹಿತ. ತಲೆಯನ್ನು ಕಿಟಕಿಗೆ ಆನಿಸಿ ಮಲಗುವ ಅಭ್ಯಾಸವನ್ನೂ ಬಿಡಬೇಕು, ಏಕೆಂದರೆ ಕಿಟಕಿಯ ಪರದೆ ಏರ್‌ಬ್ಯಾಗ್ ಇಳಿಯುವುದು ಅದೇ ಜಾಗಕ್ಕೆ.

ಹೆಡ್‌ರೆಸ್ಟ್ ಬಗ್ಗೆ ಇಷ್ಟು ಸಾಕು: ಅದರ ಮೇಲ್ತುದಿ ನೆತ್ತಿಯ ಮಟ್ಟದಲ್ಲಿ, ಕನಿಷ್ಠ ಪಕ್ಷ ಕಿವಿಯ ಮೇಲಂಚಿನ ಮಟ್ಟದಲ್ಲಿರಬೇಕು, ತಲೆಯ ಹಿಂಭಾಗಕ್ಕೂ ಅದಕ್ಕೂ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಇರಬಾರದು. ಹಿಂದಿನ ಸೀಟಿನ ಹೆಡ್‌ರೆಸ್ಟುಗಳನ್ನು ಕಿತ್ತು ಕಾರಿನ ಹಿಂಬದಿಯ ಸಾಮಾನಿನ ಜಾಗದಲ್ಲಿ ಹಾಕಿಟ್ಟವರು ವಾಪಸು ಸಿಕ್ಕಿಸಿಕೊಳ್ಳುವುದು ಒಳ್ಳೆಯದು.

ಹಂತ 4: ಬೆಲ್ಟನ್ನು ಸರಿಯಾಗಿ ಹಾಕುವುದು

1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟಿನ ತತ್ವ ಸರಳ: ದೇಹದ ಗಟ್ಟಿ ಎಲುಬುಗಳ ಮೇಲೆ ಭಾರ ಹಾಕಬೇಕು, ಮೆತ್ತನೆಯ ಭಾಗಗಳ ಮೇಲಲ್ಲ. ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆ ಸೊಂಟಕ್ಕೆ ಸೇರುವ ಕಡೆ, ಸೊಂಟದ ಎರಡೂ ಬದಿಯ ಎಲುಬುಗಳ ಮೇಲೆ ಕೂರಬೇಕು. ಮೇಲಿನ ಪಟ್ಟಿ ಕುತ್ತಿಗೆಗೂ ಭುಜದ ತುದಿಗೂ ನಡುವೆ ಹಾದು ಎದೆಯ ಮಧ್ಯದಿಂದ ಇಳಿಯಬೇಕು. ಮುಂದಿನ ಸೀಟುಗಳಲ್ಲಿ ಕಂಬದ ಮೇಲಿನ ಕೊಂಡಿಯನ್ನು ಮೇಲೆ ಕೆಳಗೆ ಸರಿಸುವ ಸೌಲಭ್ಯ ಅನೇಕ ಕಾರುಗಳಲ್ಲಿ ಇರುತ್ತದೆ; ಪಟ್ಟಿ ಕುತ್ತಿಗೆ ಕೊರೆಯುತ್ತದೆ ಎಂದು ದೂರುವವರಲ್ಲಿ ಬಹಳ ಮಂದಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ.

ಸೀರೆ ಉಟ್ಟವರು ಬೆಲ್ಟ್ ಹಾಕುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಸೆರಗನ್ನು ಹಿಡಿದು ಮಡಿಲಿಗೆ ತಂದುಕೊಳ್ಳಿ, ನೆರಿಗೆಯ ಗಂಟು ಬೆಲ್ಟಿನ ಅಡಿಗೆ ಸಿಕ್ಕದಂತೆ ಕೆಳಪಟ್ಟಿಯನ್ನು ನೆರಿಗೆಯ ಉಬ್ಬಿಗಿಂತ ಕೆಳಗೆ, ತೊಡೆಯ ಬುಡಕ್ಕೆ ಒತ್ತಿ ಹಿಡಿದು ಬಕಲ್ ಸಿಕ್ಕಿಸಿ. ಆಮೇಲೆ ಮೇಲಿನ ಪಟ್ಟಿಯನ್ನು ಒಮ್ಮೆ ಮೇಲಕ್ಕೆ ಎಳೆದು ಬಿಟ್ಟರೆ ಕೆಳಪಟ್ಟಿಯ ಸಡಿಲ ಹೋಗುತ್ತದೆ. ರೇಷ್ಮೆ ಸೀರೆ ಮುದುಡುತ್ತದೆ ಎಂದು ಪಟ್ಟಿಯನ್ನು ಕಂಕುಳ ಕೆಳಗಿನಿಂದ ಅಥವಾ ಬೆನ್ನ ಹಿಂದಿನಿಂದ ತಂದು ಹಾಕುವುದು ಮದುವೆಮನೆಗೆ ಹೊರಟ ಕಾರುಗಳಲ್ಲಿ ಮಾಮೂಲಿ ದೃಶ್ಯ. ಕಂಕುಳ ಕೆಳಗಿನ ಪಟ್ಟಿ ಪಕ್ಕೆಲುಬುಗಳನ್ನು ಮುರಿದು ಒಳಗಿನ ಅಂಗಗಳಿಗೆ ಚುಚ್ಚಬಲ್ಲದು. ಬೆನ್ನ ಹಿಂದಿನ ಪಟ್ಟಿ ಮೇಲ್ದೇಹವನ್ನು ಹಿಡಿಯುವುದೇ ಇಲ್ಲ, ತಲೆ ಸೀದಾ ಏರ್‌ಬ್ಯಾಗಿಗೆ ಬೀಳುತ್ತದೆ. ದಪ್ಪ ಸ್ವೆಟರ್, ಜಾಕೆಟ್ ತೊಟ್ಟವರು ಗುಂಡಿ ಬಿಚ್ಚಿ ಬೆಲ್ಟನ್ನು ಅದರ ಒಳಗಿನಿಂದ ಹಾಕಿಕೊಳ್ಳಬೇಕು. ಪಟ್ಟಿ ತಿರುಚಿಕೊಂಡಿದ್ದರೆ ಬಿಡಿಸಿಕೊಳ್ಳಬೇಕು.

ಗರ್ಭಿಣಿಯರು ಬೆಲ್ಟ್ ಹಾಕಬಾರದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದು ತಪ್ಪು. ಕೆಳಪಟ್ಟಿಯನ್ನು ಹೊಟ್ಟೆಯ ಉಬ್ಬಿನ ಅಡಿಗೆ ಸೊಂಟಕ್ಕೆ ಕಟ್ಟಿ, ಮೇಲಿನ ಪಟ್ಟಿಯನ್ನು ಎದೆಗಳ ನಡುವಿನಿಂದ ಹೊಟ್ಟೆಯ ಬದಿಗೆ ಇಳಿಸಿ, ಸೀಟನ್ನು ಹಿಂದೆ ಸರಿಸಿ ಕೂರಬೇಕು. ತಾಯಿಯ ರಕ್ಷಣೆಯೇ ಮಗುವಿನ ರಕ್ಷಣೆಯ ಮೊದಲ ದಾರಿ. ಇನ್ನು ಮುಂದೆ ಬಾಗಿ ಕೂರುವ ಅಭ್ಯಾಸವಿರುವ, ಎಲುಬು ಸವೆದ ವೃದ್ಧರಿಗೆ ಗೌರವದ ಸೀಟೆಂದು ಮುಂದಿನ ಸೀಟನ್ನೇ ಬಿಟ್ಟುಕೊಡುವ ರೂಢಿಯಿದೆ. ಅಜ್ಜಿ ನೆಟ್ಟಗೆ ಒರಗಿ ಕೂರಲು ಆಗದಿದ್ದರೆ ಹಿಂದಿನ ಸೀಟೇ ಅವರಿಗೆ ಕ್ಷೇಮ, ಅಲ್ಲೂ ಬೆಲ್ಟ್ ಹಾಕಿಯೇ.

ಹಿಂದಿನ ಸೀಟಿನ ಬೆಲ್ಟಿನ ಮಾತಿಗೆ ಬಂದರೆ, ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಮೃತಪಟ್ಟಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರು. ಮುಂದಿನ ಸೀಟುಗಳಲ್ಲಿದ್ದ ಇಬ್ಬರು ಬದುಕುಳಿದರು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ನೆಲಕ್ಕೆ ಬೀಳುವುದಕ್ಕೆ ಸಮ. ಹಿಂದೆ ಕುಳಿತವರಿಗೆ ಈ ಲೆಕ್ಕದಿಂದ ವಿನಾಯಿತಿ ಇಲ್ಲ, ಮೇಲಾಗಿ ಅವರ ದೇಹ ಮುಂದಿನ ಸೀಟಿಗೆ ಬಡಿದು ಅಲ್ಲಿರುವವರನ್ನೂ ಏರ್‌ಬ್ಯಾಗಿನ ಕಡೆಗೆ ತಳ್ಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಪ್ರಯಾಣಿಕರು, ಹೆಚ್ಚುಕಡಿಮೆ ಅರ್ಧ. ಮುಂದಕ್ಕೆ ಮುಖ ಮಾಡಿದ ಎಲ್ಲ ಸೀಟುಗಳಲ್ಲೂ ಬೆಲ್ಟ್ ಕಡ್ಡಾಯ, ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ ಉಲ್ಲಂಘನೆಗೆ 1,000 ರೂಪಾಯಿ ದಂಡ.

ಬೆಲ್ಟ್ ಹಾಕದೆಯೇ ಬೀಪ್ ಸದ್ದನ್ನು ನಿಲ್ಲಿಸಲು ಬಕಲಿಗೆ ಸಿಕ್ಕಿಸುವ ಸಣ್ಣ ಕ್ಲಿಪ್‌ಗಳು ಒಂದು ಕಾಲಕ್ಕೆ ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವುಗಳ ಮಾರಾಟ ನಿಲ್ಲಿಸಲು ಆದೇಶಿಸಿತು. ನಿಮ್ಮ ಕಾರಿನಲ್ಲಿ ಅಂಥದ್ದು ಇದ್ದರೆ ತೆಗೆದು ಬಿಸಾಡಿ. ಅದು ಕೆಡಿಸುವುದು ಬರೀ ಸದ್ದನ್ನಲ್ಲ: ಬೆಲ್ಟ್ ಹಾಕಿದ್ದಾರೋ ಇಲ್ಲವೋ ಎಂಬುದನ್ನು ನೋಡಿಯೇ ಏರ್‌ಬ್ಯಾಗಿನ ವರ್ತನೆಯನ್ನು ನಿರ್ಧರಿಸುವ ಕಾರುಗಳಿವೆ, ಅಂಥ ಕಾರಿಗೆ ಈ ಕ್ಲಿಪ್ ಸುಳ್ಳು ಹೇಳುತ್ತದೆ.

ಹಂತ 5: ಕಾಲು, ಕೈ ಮತ್ತು ಡ್ಯಾಶ್‌ಬೋರ್ಡಿನ ಮೇಲಿನ ಸಾಮಾನು

ಎರಡೂ ಪಾದ ನೆಲದ ಮೇಲಿರಬೇಕು. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿದವರ ಪಾದದ ಅಡಿಯಿಂದಲೇ ಏರ್‌ಬ್ಯಾಗ್ ಮೇಲೇಳುತ್ತದೆ. ಆಗ ಮೊಣಕಾಲು ಮುಖಕ್ಕೆ ಬಡಿಯುತ್ತದೆ, ತೊಡೆಮೂಳೆ ಮುರಿಯುತ್ತದೆ, ಸೊಂಟದ ಕೀಲು ಗೂಡಿನಿಂದ ಹಿಂದಕ್ಕೆ ಕಳಚಿಕೊಳ್ಳುತ್ತದೆ. ಇಂಥ ಗಾಯಗಳಾದವರಿಗೆ ಹಲವು ಶಸ್ತ್ರಚಿಕಿತ್ಸೆಗಳ ನಂತರವೂ ನಡಿಗೆ ಮೊದಲಿನಂತಾಗದಿರಬಹುದು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಇದರಷ್ಟು ಭೀಕರವಲ್ಲದಿದ್ದರೂ ಸರಿಯಲ್ಲ, ಸೊಂಟ ಮುಂದಕ್ಕೆ ಜಾರಿ ಕೆಳಪಟ್ಟಿ ಹೊಟ್ಟೆಗೆ ಏರುತ್ತದೆ.

ಕೈಗಳು ಮಡಿಲಲ್ಲಿರಲಿ. ಡ್ಯಾಶ್‌ಬೋರ್ಡಿಗೆ ಕೈ ಊರಿ ಕೂತರೆ ಮಣಿಕಟ್ಟು, ಮುಂಗೈ ಮುರಿಯುತ್ತವೆ. ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವುದು, ಸ್ಟೀಲ್ ಡಬ್ಬಿ ಹಿಡಿದು ತಿಂಡಿ ತಿನ್ನುವುದು, ಬಿಸಿ ಕಾಫಿಯ ಫ್ಲಾಸ್ಕ್ ಮುಖದ ಹತ್ತಿರ ಹಿಡಿಯುವುದು ಬೇಡ. ದೇಹಕ್ಕೂ ಏರ್‌ಬ್ಯಾಗಿಗೂ ನಡುವೆ ಗಟ್ಟಿ ವಸ್ತು ಯಾವುದೇ ಇರಲಿ, ಚೀಲ ಅದನ್ನು ನಿಮ್ಮ ಮೇಲೆಯೇ ಎಸೆಯುತ್ತದೆ.

ಈಗ ಗಣಪನ ವಿಷಯ. ಎರಡೂ ಬದಿ ಅಂಟುವ ಟೇಪಿನಲ್ಲಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ ಗಣೇಶ, ವೆಂಕಟರಮಣ ಅಥವಾ ಶಿಲುಬೆ ಇಲ್ಲದ ಕಾರು ನಮ್ಮಲ್ಲಿ ಅಪರೂಪ. ಕಲ್ಲಿನಲ್ಲೋ ಲೋಹದಲ್ಲೋ ಮಾಡಿದ ಆ ಮೂರ್ತಿ ಎಡಗಡೆ, ಏರ್‌ಬ್ಯಾಗಿನ ಮುಚ್ಚಳದ ಮೇಲೆಯೇ ಇದ್ದರೆ, ಚೀಲ ತೆರೆಯುವ ಕ್ಷಣದಲ್ಲಿ ಪ್ರಯಾಣಿಕರ ಮುಖದ ಕಡೆಗೆ ಹಾರುತ್ತದೆ. ಭಕ್ತಿಗೆ ಇದರಿಂದ ಕೊರತೆಯಾಗದು: ಹಗುರವಾದ ಚಿಕ್ಕ ಮೂರ್ತಿಯನ್ನು ಏರ್‌ಬ್ಯಾಗ್ ಮುಚ್ಚಳದಿಂದ ದೂರ, ಡ್ಯಾಶ್‌ಬೋರ್ಡಿನ ನಡುವಿಗೆ ಇಡಬಹುದು, ಸ್ಟಿಕ್ಕರ್ ಆದರೆ ಇನ್ನೂ ಒಳ್ಳೆಯದು. ಸುಗಂಧದ ಗಾಜಿನ ಬಾಟಲಿ, ಮೊಬೈಲ್ ಸ್ಟ್ಯಾಂಡ್, ಡ್ಯಾಶ್‌ಬೋರ್ಡಿಗೆ ಹಾಸುವ ಮಖಮಲ್ಲಿನ ಮ್ಯಾಟು, ಇವಕ್ಕೂ ಇದೇ ನಿಯಮ.

ಸೀಟ್ ಕವರ್ ಅಂಗಡಿಯಲ್ಲಿ ಹುಷಾರಾಗಿರಬೇಕು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬದಿಯನ್ನು ಪೂರ್ತಿ ಮುಚ್ಚಿ ಬಿಗಿಯಾಗಿ ಹೊಲಿದ ಕವರ್ ಹಾಕಿದರೆ ಚೀಲ ಹೊರಬರುವುದು ತಡವಾಗುತ್ತದೆ ಅಥವಾ ಬೇರೆ ದಿಕ್ಕಿಗೆ ಬರುತ್ತದೆ. ಆ ಜಾಗದಲ್ಲಿ ತೆರೆದುಕೊಳ್ಳುವಂತೆ ಹೊಲಿದ ಕವರುಗಳು ಬರುತ್ತವೆ. ಕೇಳಿ ಪಡೆಯಿರಿ, ಕಾರಿನ ಮಾದರಿಗೆ ಹೊಂದುತ್ತದೆಯೇ ಎಂದು ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ಕಿಟಕಿಯ ಮೇಲಿನ ಹಿಡಿಕೆಗೆ ಹ್ಯಾಂಗರ್ ಸಮೇತ ಷರ್ಟು ತೂಗುಹಾಕಬೇಡಿ. ಕಾರಿನ ಹೊರಗೆ, ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಡಿಕ್ಕಿಯ ಆಘಾತ ಸೆನ್ಸರಿಗೆ ತಲುಪುವ ರೀತಿಯೇ ಬದಲಾಗುತ್ತದೆ. 2017ರ ಡಿಸೆಂಬರ್‌ನಲ್ಲಿಯೇ ಕೇಂದ್ರ ಸಚಿವಾಲಯ ಇವುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ, ಆದರೂ ರಸ್ತೆಯಲ್ಲಿ ಅವು ಇಂದಿಗೂ ಕಾಣಸಿಗುತ್ತವೆ.

ಹಂತ 6: ಮಕ್ಕಳು

ಇಲ್ಲಿ ರಾಜಿಗೆ ಅವಕಾಶವಿಲ್ಲದ ಮೂರು ಮಾತುಗಳಿವೆ. ಹನ್ನೆರಡು ವರ್ಷ ತುಂಬುವವರೆಗೆ, ಸಾಧ್ಯವಾದರೆ ಹದಿಮೂರು ತುಂಬುವವರೆಗೆ, ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಬೇಕು. ಯಾರ ಮಡಿಲಲ್ಲೂ ಕೂರಬಾರದು. ಹಿಮ್ಮುಖ ಮಕ್ಕಳ ಸೀಟನ್ನು, ಕೆಲಸ ಮಾಡುತ್ತಿರುವ ಏರ್‌ಬ್ಯಾಗಿನ ಮುಂದೆ ಎಂದಿಗೂ ಇಡಬಾರದು.

ಮಡಿಲಿನ ವಿಷಯವನ್ನು ಲೆಕ್ಕದಲ್ಲೇ ನೋಡೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. 10 ಕೆ.ಜಿ.ಯ ಮಗುವನ್ನು ಆ ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಲು ಸರಾಸರಿ 140 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ, ಯಾವ ಪೈಲ್ವಾನನ ಕೈಗೂ ಅದು ಸಾಧ್ಯವಿಲ್ಲ. ಮುಂದಿನ ಸೀಟಿನಲ್ಲಾದರೆ ಮಗುವಿನ ತಲೆ ಏರ್‌ಬ್ಯಾಗಿಗೂ ದೊಡ್ಡವರ ದೇಹಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ತನ್ನ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ದೊಡ್ಡವರ ಪೂರ್ತಿ ಭಾರ ಮಗುವಿನ ಮೂಲಕ ಬೆಲ್ಟಿಗೆ ಬೀಳುತ್ತದೆ.

"ಅಳ್ತಾ ಇದೆ, ಸ್ವಲ್ಪ ಹೊತ್ತು ಮುಂದೆ ಕೊಡಿ, ಇಲ್ಲೇ ತಾನೆ ಹೋಗೋದು" ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುವಂಥದ್ದು. ಊರೊಳಗಿನ ನಿಧಾನದ ವೇಗವೇ ಏರ್‌ಬ್ಯಾಗ್ ತೆರೆಯಲು ಸಾಕು. ಮಗು ಅತ್ತರೆ ಗಾಡಿ ಬದಿಗೆ ನಿಲ್ಲಿಸಿ ಸಮಾಧಾನ ಮಾಡಿ, ಮತ್ತೆ ಅದರ ಸೀಟಿಗೆ ಕಟ್ಟಿ ಹೊರಡಬೇಕು. ಮೊದಲ ದಿನದಿಂದಲೇ ಮಕ್ಕಳ ಸೀಟಿನಲ್ಲಿ ಬೆಳೆದ ಮಗುವಿಗೆ ಅದು ಅಭ್ಯಾಸವಾಗುತ್ತದೆ. ಎರಡು ವರ್ಷ ಮಡಿಲಲ್ಲಿ ಕೂರಿಸಿ ಆಮೇಲೆ ಕಟ್ಟಿಹಾಕಲು ಹೊರಟರೆ ಜಗಳವಾಗುವುದು ಸಹಜ. ಎರಡು ಮುಂದಿನ ಸೀಟುಗಳ ನಡುವೆ ನಿಂತಿರುವ ಮಕ್ಕಳು, ಸನ್‌ರೂಫಿನಿಂದ ತಲೆ ಹೊರಹಾಕಿದ ಮಕ್ಕಳ ಬಗ್ಗೆ ಬೇರೆಯಾಗಿ ಹೇಳಬೇಕಿಲ್ಲ.

ಯಾವ ವಯಸ್ಸಿಗೆ ಯಾವ ಸೀಟು? ಹುಟ್ಟಿದ ಮಗುವಿಗೆ ಹಿಮ್ಮುಖ ಸೀಟು, ಕನಿಷ್ಠ 15 ತಿಂಗಳವರೆಗೆ. ಸೀಟಿನ ತೂಕ ಮತ್ತು ಎತ್ತರದ ಮಿತಿ ಇರುವ ತನಕ ಮುಂದುವರಿಸಿದರೆ ಇನ್ನೂ ಉತ್ತಮ. ಮಗುವಿನ ತಲೆ ದೇಹದ ಪ್ರಮಾಣಕ್ಕೆ ಭಾರ, ಕುತ್ತಿಗೆ ದುರ್ಬಲ. ಹಿಮ್ಮುಖವಾಗಿದ್ದಾಗ ಆಘಾತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಅನಂತರ ಪಟ್ಟಿಗಳಿರುವ ಮುಮ್ಮುಖ ಸೀಟು, ಆಮೇಲೆ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಆಸನ. ಸುಮಾರು 145 ಸೆಂ.ಮೀ. ಎತ್ತರ ಬೆಳೆಯುವವರೆಗೆ ದೊಡ್ಡವರ ಬೆಲ್ಟ್ ಮಕ್ಕಳಿಗೆ ಸರಿಹೊಂದುವುದಿಲ್ಲ. ಪರೀಕ್ಷಿಸಲು ಮಗುವನ್ನು ಬೂಸ್ಟರ್ ಇಲ್ಲದೆ ಹಿಂದಿನ ಸೀಟಿನಲ್ಲಿ ಕೂರಿಸಿ: ಬೆನ್ನು ಆಸರೆಗೆ ತಾಗಿರುವಾಗಲೇ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಕೆಳಪಟ್ಟಿ ತೊಡೆಯ ಬುಡದಲ್ಲಿರಬೇಕು, ಮೇಲಿನ ಪಟ್ಟಿ ಕುತ್ತಿಗೆಗೆ ತಾಗದೆ ಭುಜದ ನಡುವೆ ಹಾಯಬೇಕು, ದಾರಿಯುದ್ದಕ್ಕೂ ಹಾಗೆಯೇ ಕೂರಲು ಮಗುವಿಗೆ ಸಾಧ್ಯವಾಗಬೇಕು. ಒಂದು ತಪ್ಪಿದರೂ ಬೂಸ್ಟರ್ ಮುಂದುವರಿಯಲಿ.

ಎರಡೇ ಸೀಟಿನ ವಾಹನದಂಥ ಅನಿವಾರ್ಯ ಸಂದರ್ಭದಲ್ಲಿ ಮಾತ್ರ ಮಕ್ಕಳ ಸೀಟು ಮುಂದೆ ಬರಬಹುದು. ಆಗ ಹಿಮ್ಮುಖ ಸೀಟಾದರೆ ಪ್ರಯಾಣಿಕರ ಏರ್‌ಬ್ಯಾಗನ್ನು ಕೀಲಿಯಿಂದ ಆಫ್ ಮಾಡಿ, ಆಫ್ ಆಗಿದೆಯೆಂಬ ದೀಪ ಉರಿಯುತ್ತಿರುವುದನ್ನು ನೋಡಿಕೊಳ್ಳಬೇಕು. ಆ ಸ್ವಿಚ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನೊಳಗೆ ಅಥವಾ ಎಡಬಾಗಿಲು ತೆರೆದಾಗ ಡ್ಯಾಶ್‌ಬೋರ್ಡಿನ ಬದಿಯಲ್ಲಿ ಇರುತ್ತದೆ. ಎಲ್ಲ ಕಾರುಗಳಲ್ಲೂ ಅದಿಲ್ಲ. ಇಲ್ಲದಿದ್ದರೆ ಹಿಮ್ಮುಖ ಸೀಟನ್ನು ಮುಂದೆ ಇಡುವ ಮಾತೇ ಇಲ್ಲ. ಮುಮ್ಮುಖ ಸೀಟಾದರೆ ಕಾರಿನ ಕೈಪಿಡಿ ಹೇಳಿದಂತೆ ನಡೆದು, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಬೇಕು. ಮಗು ಇಳಿದು ದೊಡ್ಡವರು ಕೂರುವಾಗ ಏರ್‌ಬ್ಯಾಗನ್ನು ಮತ್ತೆ ಆನ್ ಮಾಡುವುದು ಅನೇಕರಿಗೆ ಮರೆತುಹೋಗುತ್ತದೆ.

ಹಂತ 7: ಏರ್‌ಬ್ಯಾಗ್ ತೆರೆದುಕೊಂಡ ನಂತರ

ಸರಿಯಾಗಿ ಕುಳಿತವರಿಗೂ ಸಣ್ಣ ಗಾಯಗಳು ಆಗಬಹುದು: ಮುಖ ಮತ್ತು ಮುಂಗೈ ತರಚುವುದು, ಬಿಸಿ ಅನಿಲದಿಂದ ಚರ್ಮ ಸುಡುವುದು, ಎದೆಯ ಮೇಲೆ ಬೆಲ್ಟಿನ ಕಂದು ಗೆರೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಜೀವ ಉಳಿದದ್ದಕ್ಕೆ ಇದು ಸಣ್ಣ ಬೆಲೆ. ಒಳಗೆ ತುಂಬುವ ಬಿಳಿ ಹೊಗೆಯನ್ನು ಬೆಂಕಿ ಎಂದುಕೊಂಡು ಗಾಬರಿಯಾಗುವವರಿದ್ದಾರೆ. ಅದರಲ್ಲಿ ಬಹುಪಾಲು ಚೀಲ ಅಂಟದಿರಲು ಹಾಕಿದ ಪುಡಿ. ಆದರೂ ಅದು ಉಸಿರಿಗೆ ಒಳ್ಳೆಯದಲ್ಲ, ಅಸ್ತಮಾ ಇರುವವರನ್ನು ಮೊದಲು ಗಾಳಿಗೆ ಕರೆತರಬೇಕು. ಎಂಜಿನ್ ಆಫ್ ಮಾಡಿ, ಬಾಗಿಲು ತೆರೆದು, ವಾಹನಗಳು ಬರುವ ಕಡೆ ನೋಡಿಕೊಂಡು ಇಳಿಯಿರಿ. ಕಣ್ಣು ಉರಿದರೆ ಉಜ್ಜದೆ, ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ಎಡೆಬಿಡದೆ ತೊಳೆಯಿರಿ, ಏಕೆಂದರೆ ಆ ದೂಳಿನಲ್ಲಿ ಕ್ಷಾರದ ಅಂಶವಿದ್ದು ಕಣ್ಣಿನ ಪಾರದರ್ಶಕ ಪಟಲವನ್ನು ಸುಡಬಲ್ಲದು. ನಂತರ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು. ಚೀಲದ ಬುಡದ ಲೋಹದ ಭಾಗಗಳು ಬಿಸಿಯಾಗಿರುತ್ತವೆ, ಮುಟ್ಟಬೇಡಿ. ತೆರೆಯದೆ ಉಳಿದ ಏರ್‌ಬ್ಯಾಗ್ ಇದ್ದರೆ ಅದರ ಎದುರಿಗೆ ನಿಲ್ಲಬೇಡಿ.

ಕೆಲವು ಲಕ್ಷಣಗಳಿಗೆ ಮನೆಗೆ ಹೋಗಿ ನೋಡೋಣ ಎನ್ನುವಂತಿಲ್ಲ. ಕುತ್ತಿಗೆ ನೋವು, ಕೈಕಾಲು ಜೋಮು, ಉಸಿರಾಡುವಾಗ ಎದೆ ನೋವು, ಎಚ್ಚರ ತಪ್ಪಿದ್ದು, ದೃಷ್ಟಿ ಮಂಜಾದದ್ದು. ಎಲ್ಲಕ್ಕಿಂತ ಮುಖ್ಯವಾಗಿ ಹೊಟ್ಟೆಯ ಮೇಲೆ ಬೆಲ್ಟಿನ ಗುರುತು ಇದ್ದು ಜೊತೆಗೆ ನೋವು ಇರುವುದು. ಕರುಳಿನ ಗಾಯ ಮೊದಲ ಕೆಲವು ಗಂಟೆ ಹೊರಗೆ ಏನನ್ನೂ ತೋರಿಸದೆ ಇರಬಹುದು. ಗರ್ಭಿಣಿಯಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಕರ್ನಾಟಕದಲ್ಲಿ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದವರನ್ನು, ಬೆಂಕಿಯಂಥ ಅಪಾಯ ಇಲ್ಲದಿದ್ದರೆ, ಎಳೆದು ಹೊರಹಾಕಬೇಡಿ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಒಮ್ಮೆ ತೆರೆದ ಏರ್‌ಬ್ಯಾಗನ್ನು ಮಡಚಿ ಮತ್ತೆ ಬಳಸಲಾಗದು. ಚೀಲ, ಇನ್‌ಫ್ಲೇಟರ್ ಬದಲಾಗಬೇಕು. ಸೆನ್ಸರ್ ಮತ್ತು ನಿಯಂತ್ರಣ ಘಟಕವನ್ನು ತಯಾರಕರ ಸೂಚನೆಯಂತೆ ಪರೀಕ್ಷಿಸಿ ಅಗತ್ಯವಿದ್ದರೆ ಬದಲಿಸಬೇಕು. ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಹಿಂದಕ್ಕೆ ಎಳೆದು ಬಿಗಿಗೊಳಿಸುವ ಪ್ರಿಟೆನ್ಷನರ್ ಕೂಡ ಒಮ್ಮೆಗೆ ಮಾತ್ರ ಬರುವಂಥದ್ದು, ಆ ಬೆಲ್ಟೂ ಹೊಸದಾಗಬೇಕು. ಜೋರಾದ ಅಪಘಾತ ಕಂಡ ಮಕ್ಕಳ ಸೀಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಬಳಸಬಾರದು. ಈ ಖರ್ಚು ಉಳಿಸಲು ಖಾಲಿ ಗೂಡಿನ ಮೇಲೆ ಹೊಸ ಮುಚ್ಚಳ ಮಾತ್ರ ಕೂರಿಸಿ, ಎಚ್ಚರಿಕೆಯ ದೀಪದ ತಂತಿ ಕತ್ತರಿಸಿ ಮಾರುವವರೂ ಇದ್ದಾರೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೀ ತಿರುಗಿಸಿ ಆ ಕೆಂಪು ದೀಪ ಹೊತ್ತಿ ಆರುವುದನ್ನು ಕಾಯಿರಿ, ಡ್ಯಾಶ್‌ಬೋರ್ಡಿನ ಎಡಭಾಗದ ಬಣ್ಣ ಉಳಿದ ಭಾಗಕ್ಕೆ ಹೊಂದುತ್ತದೆಯೇ ಎಂದು ಗಮನಿಸಿ, ವಿಮೆಯ ಕ್ಲೇಮ್ ಇತಿಹಾಸ ಕೇಳಿ, ಮುಂಗಡ ಕೊಡುವ ಮೊದಲು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಸ್ಕ್ಯಾನರ್ ಹಾಕಿಸಿ ಏರ್‌ಬ್ಯಾಗ್ ಘಟಕವನ್ನು ಪರೀಕ್ಷಿಸಿಕೊಳ್ಳಿ.